ಕಾರ್ಡ್ ಬೇರೆ, ಫೋನ್ ಬೇರೆ

ಲಂಡನ್ನಿನಲ್ಲಿ ಅತಿ ಅಗ್ಗವಾಗಿ ಓಡಾಡುವ ಹೆಂಗಸು ಯಾರು ಎಂದು ಸ್ಪರ್ಧೆ ಇಟ್ಟರೆ, ಬೇರೆಯವರು ಅರ್ಜಿ ಹಾಕುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ ಎಂದು ನಾನು ಕಳೆದ ತಿಂಗಳು ಮನೆಯಲ್ಲಿ ಘೋಷಿಸಿದೆ.

ಕಾರಣವಿತ್ತು. ನಾವಿರುವುದು ಸಟನ್‌ನಲ್ಲಿ. ನನಗೆ ಕೆಲಸ ಸಿಕ್ಕಿದ್ದು ಊರಿನ ಇನ್ನೊಂದು ತುದಿಯ ಕ್ವೀನ್ಸ್‌ಬರಿಯಲ್ಲಿ, ಹಲ್ಲಿನ ಡಾಕ್ಟರೊಬ್ಬರ ರಿಸೆಪ್ಷನ್ನಿನಲ್ಲಿ. ಈ ದೇಶದಲ್ಲಿ ನನ್ನ ಮೊದಲ ಕೆಲಸ, ಮಧ್ಯಾಹ್ನದ ಕೆಲವೇ ಗಂಟೆ.

"ಸಂಬಳವೆಲ್ಲ ರೈಲಿಗೇ ಹೋಗ್ತದೆ ಮಾರಾಯ್ತಿ," ಎಂದರು ನಮ್ಮವರು. ಹೆಸರು ಕೃಷ್ಣಪ್ರಸಾದ, ಊರು ಉಡುಪಿ, ಲೆಕ್ಕದಲ್ಲಿ ದಾಕ್ಷಿಣ್ಯವಿಲ್ಲ. "ಒಂದು ವಾರ ನೋಡುವ. ಅರ್ಧಕ್ಕಿಂತ ಜಾಸ್ತಿ ಹೋದ್ರೆ ಕೆಲಸ ಬಿಡು."

"ಕಾಲು ಭಾಗವೂ ಹೋಗಲ್ಲ, ನೋಡ್ತಿರಿ."

ರೈಲಿನ ದರಶಾಸ್ತ್ರವನ್ನು ನಾನೇ ಕೂತು ಅಧ್ಯಯನ ಮಾಡಿದೆ. ಇಲ್ಲಿ ಟಿಕೆಟ್ ಬೇಕಿಲ್ಲ; ಹತ್ತುವಲ್ಲಿ ಒಮ್ಮೆ, ಇಳಿಯುವಲ್ಲಿ ಒಮ್ಮೆ ಗೇಟಿನ ಯಂತ್ರಕ್ಕೆ ಕಾರ್ಡ್ ಮುಟ್ಟಿಸಿದರೆ ಅದೇ ಲೆಕ್ಕ ಹಾಕಿ ಹಣ ಕಳೆಯುತ್ತದೆ. ಬೆಳಿಗ್ಗೆ ಒಂಬತ್ತೂವರೆಯವರೆಗೆ ಪ್ರಯಾಣ ದುಬಾರಿ. ಅದು ರೈಲಿನವರ ರಾಹುಕಾಲ. ಕಳೆಯುವ ತನಕ ಗೇಟಿನ ಹೊರಗೆ ನಿಂತರಾಯಿತು. ನಗರದ ನಡುಭಾಗ ಹೊಕ್ಕರೆ ಹೆಚ್ಚು ದರ, ಸುತ್ತು ಹಾಕಿದರೆ ಕಡಿಮೆ. ಅಂದರೆ ಗರ್ಭಗುಡಿ ಬಿಟ್ಟು ಪ್ರದಕ್ಷಿಣೆ! ರೈಲು ಬದಲಿಸುವಲ್ಲಿ ಗುಲಾಬಿ ಬಣ್ಣದ ಯಂತ್ರಕ್ಕೆ ಕಾರ್ಡ್ ತೋರಿಸಿದರೆ ಪ್ರದಕ್ಷಿಣೆಗೆ ಅದೇ ಸಾಕ್ಷಿ.

ವಾರವಿಡೀ ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯಿತು. ಸಟನ್‌ನ ಹಳದಿ ಯಂತ್ರಕ್ಕೆ ಬ್ಯಾಂಕ್ ಕಾರ್ಡ್ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಕ್ವೀನ್ಸ್‌ಬರಿ ಬರುವ ಹೊತ್ತಿಗೆ ಕಾರ್ಡ್ ಚಿತ್ರಾನ್ನದ ಡಬ್ಬಿಯ ಅಡಿ ಸೇರಿರುತ್ತಿತ್ತು. ಕೈಯಲ್ಲಿ ಭಜನೆ ಕೇಳುತ್ತಿದ್ದ ಫೋನ್. ಅದೇ ಕಾರ್ಡನ್ನು ಮಗಳು ಗಾರ್ಗಿ ಫೋನಿನೊಳಗೂ ಹಾಕಿಕೊಟ್ಟಿದ್ದಳು. ಫೋನನ್ನೇ ಮುಟ್ಟಿಸಿದೆ. ಗೇಟು ತೆರೆಯಿತು. ದಿನವೂ ತೆರೆಯಿತು.

ಕೆಲಸವೂ ಹಿಡಿಸಿತು. ಹಲ್ಲುನೋವಿನವರು ನನ್ನೆದುರು ಕೂತು ಮನೆಯ ಕಥೆಯೆಲ್ಲ ಹೇಳುತ್ತಿದ್ದರು. ಕೇಳಿಸಿಕೊಂಡದ್ದಕ್ಕೆ ಸಂಬಳ ಕೊಡುವ ಜಾಗ ಇನ್ನೆಲ್ಲಿ ಸಿಗಬೇಕು?

ಶನಿವಾರ ನಮ್ಮವರು ನಮ್ಮಿಬ್ಬರ ಬ್ಯಾಂಕ್ ಖಾತೆಯ ಲೆಕ್ಕ ನೋಡಿದರು.

"ಎಂಥದು ಇದು? ನಿನ್ನ ವಾರದ ಸಂಬಳ ಪೂರ್ತಿ ಹೋಗಿ, ನನ್ನದೂ ಸ್ವಲ್ಪ ಹೋಗಿದೆ."

ಗಾರ್ಗಿ ಬಗ್ಗಿ ನೋಡಿದಳು. "ಓ ಅಮ್ಮಾ. ಕಾರ್ಡ್ ಇನ್, ಫೋನ್ ಔಟ್? ಮಷೀನ್ ಥಿಂಕ್ಸ್ ಯು ಆರ್ ಟೂ ಪೀಪಲ್."

"ಒಬ್ಬಳು ಸಟನ್‌ನಲ್ಲಿ ಹತ್ತಿದವಳು ಇಳಿಯಲೇ ಇಲ್ಲ," ಎಂದರು ಇವರು. "ಇನ್ನೊಬ್ಬಳು ಹತ್ತದೇ ಕ್ವೀನ್ಸ್‌ಬರಿಯಲ್ಲಿ ಇಳಿದಿದ್ದಾಳೆ. ಇಬ್ಬರಿಗೂ ದಂಡದ ಹಾಗೆ ಅತಿ ಹೆಚ್ಚಿನ ದರ."

"ಅದೇ ಹೆಸರು, ಅದೇ ಅಕೌಂಟು. ರೂಪ ಎರಡಾದರೂ ಒಳಗಿರೋದು ಒಂದೇ ಅಲ್ವಾ?" ಎಂದೆ.

"ಅದು ನಿನ್ನ ಅಪ್ಪನ ಮನೆಯ ಅದ್ವೈತ. ಈ ಯಂತ್ರ ದ್ವೈತಿ."

ಮೈಸೂರಿನ ನಮ್ಮ ಮನೆಯವರು ಸ್ಮಾರ್ತರು, ಎಲ್ಲವೂ ಒಂದೇ ಎನ್ನುವವರು. ಇವರ ಮನೆಯವರು ಮಾಧ್ವರು. ಅಲ್ಲಿ ಅದು ಬೇರೆ, ಇದು ಬೇರೆ. ಮದುವೆಯಾದಂದಿನಿಂದ ನಮ್ಮತ್ತೆ ಅಂಬುಜಮ್ಮ ನನ್ನನ್ನು ಆ ಕಡೆಗೆ ಎಳೆಯಲು ನೋಡಿ ಸೋತಿದ್ದರು. ಈಗ ನಾನು ಕಾರ್ಡನ್ನೂ ಫೋನನ್ನೂ ದೇವರ ಮುಂದಿಟ್ಟು ದೀಪ ಹಚ್ಚಿದೆ. ಕೆಲಸ ಹೋಯಿತು ಎಂದುಕೊಂಡೆ.

ನನ್ನ ಮಾತಿಗೆ ಕರಗದವರು ಆ ದೀಪಕ್ಕೆ ಕರಗಿದರು. ರೈಲಿನವರಿಗೆ ಫೋನ್ ಮಾಡಿ, ಕಾದು, ನನ್ನ ಪರವಾಗಿ ತಪ್ಪೊಪ್ಪಿಕೊಂಡರು. ಇದೊಂದು ಸಲ ಹಣ ಹಿಂದಿರುಗಿಸುತ್ತೇವೆ ಎಂದಿತು ಆ ಕಡೆಯ ದನಿ.

"ಕೆಲಸಕ್ಕೆ ಹೋಗು," ಎಂದರು ಇವರು. "ಆದ್ರೆ ದಿನಾ ಹೊರಡುವ ಮೊದಲು ನನ್ನೆದುರು ಪಾಠ ಒಪ್ಪಿಸಬೇಕು."

ಸೋಮವಾರ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ನಿಂತೆ.

"ಕಾರ್ಡ್ ಬೇರೆ, ಫೋನ್ ಬೇರೆ."

"ಸ್ವಲ್ಪ ಜೋರಾಗಿ."

"ಅದು ಬೇರೆ, ಇದು ಬೇರೆ. ಎರಡೂ ಎಂದೆಂದಿಗೂ ಒಂದಲ್ಲ."

ಮೇಜಿನ ಮೇಲೆ ಉಡುಪಿಯಿಂದ ಬಂದ ವಿಡಿಯೋ ಕಾಲ್ ತೆರೆದೇ ಇತ್ತು. ಪರದೆಯ ತುಂಬ ಅತ್ತೆಯ ಕನ್ನಡಕ.

"ಪ್ರಸಾದಾ, ಇವಳು ಒಪ್ಪಿದಳಾ?"

"ಒಪ್ಪಿದಳಮ್ಮ. ರೈಲ್ವೆ ಸ್ಟೇಷನ್ನಿನ ಯಂತ್ರ ಒಂದೇ ವಾರದಲ್ಲಿ ಒಪ್ಪಿಸಿತು."

ಅತ್ತೆ ಎರಡೂ ಕೈ ಜೋಡಿಸಿದರು.

"ಇಷ್ಟು ವರ್ಷ ಹೇಳಿ ಹೇಳಿ ನನಗೆ ಆಗಲಿಲ್ಲ. ಆ ಯಂತ್ರ ನಮ್ಮ ಯಾವ ಮಠದ್ದಂತೆ?"