ಬಿಳಿ ಸಿಂಕಿನ ಪಂತ

ರಾಣೆಬೆನ್ನೂರಿನಲ್ಲಿ ನನ್ನದೊಂದು ಸಿಂಕು, ನಲ್ಲಿಗಳ ಅಂಗಡಿ. ಸಿಂಕು ನೋಡಲು ಬಂದವರು ಸುಮ್ಮನೆ ನೋಡಿ ಹೋದ ದಿನ ನನಗಂತೂ ನೆನಪಿಲ್ಲ. ಈಚೆಗೆ ಕ್ವಾರ್ಟ್ಜ್‌ನ ಕಲ್ಲಿನಂಥ ದಪ್ಪ ಬಿಳಿ ಸಿಂಕೊಂದನ್ನು ತರಿಸಿದೆ. "ಯಾರೂ ಒಯ್ಯಂಗಿಲ್ಲ ಬಿಡ್ರಿ," ಅಂದಳು ಹೆಂಡತಿ. ನನಗೆ ರೇಗಿತು. ಈ ತಿಂಗಳೊಳಗೆ ಮಾರದಿದ್ದರೆ ಮುಂದಿನ ತಿಂಗಳು ಪೂರ್ತಿ ಮನೆಯ ಪಾತ್ರೆ ನಾನೇ ತೊಳೆಯುತ್ತೇನೆಂದು ಪಂತ ಕಟ್ಟಿದೆ.

ಸಪ್ಪಳ

ಮೊದಲು ಕರ್ಜಗಿಯಿಂದ ಅತ್ತೆ ಸೊಸೆ ಬಂದರು. ಅತ್ತೆ, ಗಡಿಗೆ ಬಡಿದು ನೋಡುವ ಹಾಗೆ ಸಿಂಕನ್ನು ಬೆರಳಿನಿಂದ ಬಡಿದರು.

"ಇದೇನ್ರೀ, ಸಪ್ಪಳನ ಇಲ್ಲ?"

"ಅದ ಇದರ ಗುಣ ನೋಡ್ರಿ ಅಮ್ಮಾರ. ಪಾತ್ರೆ ಎತ್ತಿ ಒಗದ್ರೂ ಕೇಳಂಗಿಲ್ಲ," ಅಂದೆ. ಸೊಸೆಯ ಮುಖ ಅರಳಿತು.

"ಹಂಗಾರ ಬ್ಯಾಡ," ಅಂದರು ಅತ್ತೆ. "ಈಕಿ ಸಿಟ್ಟಿಗೆದ್ದಾಳಂತ ನನಗ ಹೆಂಗ ಗೊತ್ತಾಗಬೇಕು?"

ಇದ್ದುದರಲ್ಲೇ ತೆಳ್ಳನೆಯ ಸ್ಟೀಲ್ ಸಿಂಕು ಒಯ್ದರು.

ಬಣ್ಣ

ಆಮೇಲೆ ಬ್ಯಾಡಗಿಯ ಗಂಡ ಹೆಂಡತಿ. ಆಕೆ ಚೀಲದಿಂದ ಡಬ್ಬಿ ತೆಗೆದು, ಕೆಂಪು ಮೆಣಸಿನಕಾಯಿಯ ಚಟ್ನಿಯನ್ನು ಬಿಳಿ ಸಿಂಕಿಗೆ ಮೆತ್ತಿಯೇ ಬಿಟ್ಟಳು.

"ನಮ್ಮ ಹೊಲದ ಕಾಯಿದು. ಇದರ ಬಣ್ಣ ಎದಕ್ಕ ಹತ್ತಂಗಿಲ್ಲ ಹೇಳ್ರಿ. ನಾಳೆ ಬರ್ತೀವಿ."

ಮರುದಿನ ಅವರೆದುರೇ ಒಂದು ಚೊಂಬು ನೀರು ಸುರಿದು ಒರೆಸಿದೆ. ಒಂದು ಕಲೆಯೂ ಇಲ್ಲ. ಗೆದ್ದೆ ಅಂದುಕೊಂಡೆ.

ಆಕೆ ಗಂಡನ ಕಡೆ ತಿರುಗಿದಳು. "ನೋಡಿದ್ರಿ? ಬೀಜ ಬದಲಿ ಮಾಡಬ್ಯಾಡ್ರಿ ಅಂತ ಬಡಕೊಂಡೆ. ಕಾಯಿ ಬಣ್ಣನ ಹೋತು."

ಜಗಳವಾಡುತ್ತಲೇ ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಸಿಂಕಿನ ಮಾತು ಯಾರೂ ಎತ್ತಲಿಲ್ಲ.

ಸಾಕ್ಷಿ

ತಿಂಗಳ ಕೊನೆಯ ದಿನ ಹಾವೇರಿಯ ನಿವೃತ್ತ ಮೇಷ್ಟ್ರೊಬ್ಬರು ಬಂದರು. "ಬಾಳಿಕಿ ಬರತೈತಿ ಅನ್ನಾಕ ಸಾಕ್ಷಿ ಏನೈತಿ?"

"ನಮ್ಮ ಮನ್ಯಾಗೂ ಇಂಥಾದ ಐತ್ರಿ ಸರ್. ಆರು ವರ್ಷ ಆತು, ಒಂದ ಗೆರಿ ಬಿದ್ದಿಲ್ಲ. ಬರ್ರಿ, ತೋರಸ್ತೀನಿ."

ಮನೆಗೆ ಬಂದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಸಿಂಕಿನ ತುಂಬ ಬೆರಳಾಡಿಸಿದರು. ಖರೇನೇ ಒಂದು ಗೆರೆಯೂ ಇರಲಿಲ್ಲ. ಸಂತೋಷವಾಗಿ ನನ್ನ ಹೆಂಡತಿಯನ್ನು ಕೇಳಿದರು: "ಹೆಂಗ ಇಟ್ಟೀಯವ್ವಾ ಇಷ್ಟು ಛಂದ?"

"ಅದರಾಗ ತೊಳದ್ರ ಗೆರಿ ಬೀಳತಾವ್ರಿ ಸರ್. ನಾ ಹಿತ್ತಲದಾಗ ಕಲ್ಲಿನ ಮ್ಯಾಲೆ ತೊಳೀತೀನಿ."

ಆರು ವರ್ಷ ಊಟಕ್ಕಷ್ಟೇ ಅಡುಗೆಮನೆ ಹೊಕ್ಕ ನನಗೆ ಇದು ಹೊಸ ಸುದ್ದಿ. ಮೇಷ್ಟ್ರು ಹಿತ್ತಲಿಗೆ ಹೋಗಿ ಆ ಕಲ್ಲಿನ ಅಳತೆ ಬರೆದುಕೊಂಡು ಹೊರಟರು.

ಮರುದಿನ ತೋಳೇರಿಸಿ, ಮುಸುರೆ ಪಾತ್ರೆಗಳನ್ನು ಸಿಂಕಿಗೆ ಇಳಿಸಲು ಹೋದೆ. ಹೆಂಡತಿ ಕೈ ಹಿಡಿದಳು.

"ಅದರಾಗ ಬ್ಯಾಡ್ರಿ. ಮತ್ತ ಯಾರರ ಗಿರಾಕಿ ನೋಡಾಕ ಬಂದ್ರ? ಹಿತ್ತಲಕ್ಕ ನಡೀರಿ."