ಸಬ್ಬಕ್ಕಿ ಗಂಜಿಯ ಹಿಪ್‌ಹಾಪ್

ನೌಕಾಪಡೆಯ ಪೆಟಿ ಆಫೀಸರ್ ಇಂದುಧರನ ಬಳಿ ಪ್ರಪಂಚದ ಸಕಲ ವಿಷಯಗಳ ಮೇಲೂ ಅಭಿಪ್ರಾಯಗಳ ದಾಸ್ತಾನಿತ್ತು. ಎರಡು ಸಾವಿರದ ಎಂಟರ ಆ ಭಾನುವಾರ, ವಿಶಾಖಪಟ್ಟಣದ ಬಾಡಿಗೆ ಮನೆಯಲ್ಲಿ ಫ್ರಿಜ್ಜಿನೊಳಗೆ ಎರಡು ಟಿನ್ನನ್ನೂ, ಬಾಗಿಲ ಮೇಲೆ ಅಂಟಿಸಿದ್ದ ಹಿಪ್‌ಹಾಪ್ ಕಾರ್ಯಕ್ರಮದ ಚೀಟಿಯನ್ನೂ ಕಂಡವನೇ ಎರಡು ಅಭಿಪ್ರಾಯಗಳನ್ನು ಒಟ್ಟಿಗೆ ಹೊರಹಾಕಿದ.

“ಎನರ್ಜಿ ಡ್ರಿಂಕ್ ಅಂದ್ರೆ ಮುದ್ದೆ ನುಂಗೋಕೆ ಸೋಮಾರಿತನ ಇರೋರು ಕುಡಿಯೋ ಸಕ್ಕರೆ ನೀರು! ಹಿಪ್‌ಹಾಪ್ ಅಂದ್ರೆ ಹಾಡೋಕೆ ಬರದೋರು ಬೈಯೋದು, ಕುಣಿಯೋಕೆ ಬರದೋರು ಬಿದ್ದು ಬಿದ್ದು ಏಳೋದು! ಇವೆರಡೂ ನಮ್ಮನೆಗೆ ಯಾವಾಗ ಬಂದ್ವು, ಗೌರಿ?”

“ಡ್ರಿಂಕ್ ನಿನ್ನೆ ಬಂತು. ಹಿಪ್‌ಹಾಪ್ ಬಂದು ಆರು ವಾರ ಆಯ್ತು, ನೀವು ಇವತ್ತು ನೋಡಿದ್ರಿ,” ಎಂದಳು ಮಂಗಳಾಗೌರಿ, ದೋಸೆ ಮಗುಚುತ್ತ.

ಅಂದು ಸಂಜೆ ಊರಂಚಿನ ಪೆಂಡುರ್ತಿಯಲ್ಲಿ ಕನ್ನಡ ಸಂಘದ ವಾರ್ಷಿಕೋತ್ಸವ. ಗೌರಿ, ಪಕ್ಕದ ಮನೆಯ ಸೀತಾಮಹಾಲಕ್ಷ್ಮಿ, ಜೊತೆಗೆ ಇನ್ನಿಬ್ಬರು ಗೃಹಿಣಿಯರು ಹಿಪ್‌ಹಾಪ್ ಕುಣಿಯುವವರಿದ್ದರು. “ಮದುವೆಯಾದ ಹೆಂಗಸರಿಗೆ ಕೋಲಾಟ ಸಾಲದೆ?” ಎಂದು ಮೂಗು ಮುರಿದ ಸಂಘದ ಹಿರಿಯರು, ‘ಈ ಸಲ ನಗೆಪಾಟಲಾದರೆ ಮುಂದೆಂದೂ ಕೇಳಕೂಡದು’ ಎಂಬ ಷರತ್ತಿನ ಮೇಲೆ ಹತ್ತು ನಿಮಿಷ ದಯಪಾಲಿಸಿದ್ದರು.

“ಹತ್ತು ನಿಮಿಷ ಕುಣಿಯೋಕೆ ಎರಡು ಟಿನ್ ಬೇಕಾ?”

“ಕುಣಿಯೋಕಲ್ಲ ರೀ. ಅದಕ್ಕೆ ಮುಂಚೆ ಮನೆಕೆಲಸ ಮುಗಿಸೋಕೆ.”

ಈ ಮಾತು ಇಂದುಧರನ ಹದಿನೈದು ವರ್ಷಗಳ ಸಾಗರಸೇವೆಗೇ ಸವಾಲಾಯಿತು! “ಇವತ್ತು ಮನೆ ನನ್ನ ಕಮಾಂಡಿನಲ್ಲಿ! ನೀನು ಪ್ರಾಕ್ಟೀಸಿಗೆ ಹೋಗು. ಟಿನ್ ಮುಟ್ಟದೆ ಎಲ್ಲಾ ಮಾಡಿ ತೋರಿಸ್ತೀನಿ!”

“ಸರಿ ಮಹಾರಾಯರೇ. ನಮ್ಮ ನಾಲ್ವರ ಡ್ಯಾನ್ಸಿನ ಪ್ಯಾಂಟೂ ಧೂಳಾಗಿವೆ, ಒಗೆದು ಒಣಗಿಸಿ ಸಂಜೆ ನೇರ ಸಂಘದ ಹಾಲಿಗೆ ತನ್ನಿ,” ಎಂದು ಗೌರಿ ಚಪ್ಪಲಿ ಮೆಟ್ಟಿದಳು.

ಇಂದುಧರ ಪಾತ್ರೆ ತೊಳೆದ. ತೊಳೆದ ಖುಷಿಗೆ ಕಾಫಿ ಮಾಡಿಕೊಂಡ. ಹಾಲು ಉಕ್ಕಿ ಒಲೆ ತೊಳೆದ. ಒಲೆ ತೊಳೆದ ನೀರು ನೆಲಕ್ಕೆ ಹರಿದು ನೆಲ ಒರೆಸಿದ. ತಿರುಗಿ ನೋಡಿದರೆ ಸಿಂಕಿನಲ್ಲಿ ಮತ್ತೆ ಪಾತ್ರೆ! ಮಾಡಿದ ಕೆಲಸ ಕಣ್ಣಿಗೆ ಕಾಣದು, ಮಾಡದ ಕೆಲಸ ಮಾತ್ರ ಎದ್ದು ಕುಣಿಯುವುದು ಎಂಬ ಸತ್ಯ, ಹೆಂಡತಿಗೆ ಹನ್ನೆರಡು ವರ್ಷದಿಂದ ಗೊತ್ತಿದ್ದದ್ದು, ಅವನಿಗೆ ಹನ್ನೊಂದು ಗಂಟೆಗೆ ಗೊತ್ತಾಯಿತು. ಪರೀಕ್ಷಾರ್ಥವಾಗಿ ಒಂದು ಟಿನ್ ಕುಡಿದ. ಫಲಿತಾಂಶ ಖಚಿತಪಡಿಸಿಕೊಳ್ಳಲು ಇನ್ನೊಂದು.

ಅಯ್ಯಯ್ಯೋ! ಎದೆ ಹಡಗಿನ ಎಂಜಿನ್ನಿನಂತೆ ಬಡಿಯತೊಡಗಿತು. ಫ್ಯಾನುಗಳು ಫಳಫಳಿಸಿದವು. ಅಟ್ಟ ಖಾಲಿಯಾಗಿ ಮತ್ತೆ ತುಂಬಿತು. ಪಕ್ಕದ ಮನೆಯ ಹೊಸಿಲೂ ತೊಳೆಯಲ್ಪಟ್ಟಿತು! ಪ್ಯಾಂಟುಗಳನ್ನು ಒಗೆದದ್ದಾಯಿತು, ಶಕ್ತಿ ಮಾತ್ರ ಮುಗಿಯಲಿಲ್ಲ. ನೋಡಿದರೆ ತಂತಿಯ ಮೇಲೆ ಪ್ಯಾಂಟುಗಳು, ಒಂದೊಂದು ಕಾಲೂ ಅಕ್ಕಿ ಮೂಟೆಯಷ್ಟು ಅಗಲ, ಜೋಲುಮೋರೆ ಹಾಕಿ ನೇತಾಡುತ್ತಿವೆ. ಇದೇನು ಅಶಿಸ್ತು! ಅವನ ಬಿಳಿ ಸಮವಸ್ತ್ರದ ಗರಿಗರಿ ಇಡೀ ಯೂನಿಟ್ಟಿಗೇ ಹೆಸರುವಾಸಿ. ಅದಕ್ಕೆ ಗಂಜಿ ಹಾಕುತ್ತಿದ್ದವಳು ಗೌರಿ ಎಂಬುದು ಸಣ್ಣ ವಿವರ. ಅವಳು ಹಾಕುವುದು ಒಂದು ಹಿಡಿ ಸಬ್ಬಕ್ಕಿ. ಇಂಥ ಭೀಮಗಾತ್ರದ ನಾಲ್ಕಕ್ಕೆ? ಒಂದು ಕೆಜಿ!

ಸಂಜೆಯ ಹೊತ್ತಿಗೆ ಪ್ಯಾಂಟುಗಳು ತಂತಿಯ ಮೇಲೆ ನೇತಾಡುವುದನ್ನು ಬಿಟ್ಟು ತಮ್ಮ ಕಾಲ ಮೇಲೆ ತಾವೇ ನಿಂತಿದ್ದವು. ಇಸ್ತ್ರಿಯ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು! ಆಟೋದಲ್ಲಿ ಮಡಚಲಾಗದೆ ಪಕ್ಕದಲ್ಲಿ ನಿಲ್ಲಿಸಿಕೊಂಡ. ಡ್ರೈವರ್ ತಿರುಗಿ ನೋಡಿ, ಐದು ಜನವೇ ಎಂಬಂತೆ, “ಐದುಗುರಾ ಸಾರ್?” ಎಂದ.

ವೇದಿಕೆಯ ಹಿಂದೆ ಸೀತಾಮಹಾಲಕ್ಷ್ಮಿ ಬಾಯಿಗೆ ಕೈ ಇಟ್ಟಳು. “ಅಣ್ಣಯ್ಯಗಾರೂ! ಇವು ಪ್ಯಾಂಟಾ, ಬಾಗಿಲಾ?”

ಗೌರಿ ಪ್ಯಾಂಟಿನ ಅಂಟಿದ ಕಾಲುಗಳನ್ನು ಸೌದೆ ಸೀಳಿದಂತೆ ಬಿಡಿಸಿದಳು. ತೆರೆ ಏಳಲು ಹತ್ತು ನಿಮಿಷ. ಮುಂದಿನ ಸಾಲಿನಲ್ಲಿ ಹಿರಿಯರು ಕೈಕಟ್ಟಿ ಕೂತಿದ್ದರು. “ಆರು ವಾರ ರೀ... ಅಡುಗೆ ಮುಗಿಸಿ, ಬಟ್ಟೆ ಮುಗಿಸಿ, ಉಳಿದ ಹೊತ್ತಲ್ಲಿ ಕಲಿತಿದ್ದು,” ಎಂದಳು. ಕಣ್ಣು ತುಂಬಿತ್ತು. ಇಂದುಧರ ಜೀವನದಲ್ಲಿ ಮೊದಲ ಬಾರಿಗೆ ಅಭಿಪ್ರಾಯಗಳ ದಾಸ್ತಾನನ್ನು ಬದಿಗಿಟ್ಟು, ಉಳಿದ ಪ್ಯಾಂಟುಗಳ ಕಾಲು ಬಿಡಿಸಲು ಕುಳಿತ.

ತೆರೆ ಎದ್ದಿತು. ಗೌರಿ ಮೊದಲ ಹೆಜ್ಜೆ ಇಟ್ಟಳು. ಫಟ್! ಹಪ್ಪಳ ಮುರಿದ ಸದ್ದು. ಸಭೆಯಲ್ಲಿ ಕಿಸಕ್ಕನೆ ನಗು. ಅವಳು ಒಂದು ಗಳಿಗೆ ನಿಂತಳು. ಆಮೇಲೆ ಬೇಕೆಂದೇ ಕಾಲು ಅಪ್ಪಳಿಸಿದಳು. ಫಟ್! ಫಟಫಟ್! ಸೀತಾಮಹಾಲಕ್ಷ್ಮಿ ತೊಡೆ ತಟ್ಟಿದಳು. ಡಬ್! ಹಾಡು ನಿಲ್ಲಿಸುವಂತೆ ಗೌರಿ ಸನ್ನೆ ಮಾಡಿದಳು. ಬರೀ ಪ್ಯಾಂಟಿನ ತಾಳಕ್ಕೆ, ಮಂಡಿ ಮಡಚದ ನಾಲ್ವರು ಯಂತ್ರದ ಗೊಂಬೆಗಳಂತೆ ಕುಣಿದರು. ಗಂಜಿಯ ಪುಡಿ ದೀಪದ ಬೆಳಕಿನಲ್ಲಿ ಹೊಗೆಯಂತೆ ಎದ್ದಿತು. ಶಿಳ್ಳೆಯೋ ಶಿಳ್ಳೆ! ಹಿರಿಯರು ಕಟ್ಟಿದ ಕೈ ಬಿಚ್ಚಿ ಮಂಡಿ ಕುಟ್ಟುತ್ತಿದ್ದರು. ಒಂದಲ್ಲ, ಮೂರು ಸಲ ಒನ್ಸ್ ಮೋರ್!

ಮುಖ್ಯ ಅತಿಥಿ, ವಿಜಯವಾಡ ಕನ್ನಡ ಸಂಘದ ಮಹಿಳಾ ವಿಭಾಗದ ಅಧ್ಯಕ್ಷೆ ಅನ್ನಪೂರ್ಣಮ್ಮ ಮೈಕ್ ಹಿಡಿದರು. “ಕುಣಿತದ ಜಾಣ್ಮೆ ಗೌರಿಯವರದ್ದು. ಆ ಪ್ಯಾಂಟು ಯಾರ ಕೈಗುಣ?”

ಇಂದುಧರ ಮೆಟ್ಟಿಲು ಹಾರಿ ವೇದಿಕೆಯಲ್ಲಿದ್ದ. “ನಾನೇ ಮೇಡಂ! ಒಗೆದದ್ದು ನಾನು, ಗಂಜಿ ಕಾಯಿಸಿದ್ದು ನಾನು, ಇಸ್ತ್ರಿ ಹಾಕಿದ್ದೂ ನಾನೇ! ಬೇರೆ ಯಾರ ಕೈಲೂ ಈ ಹದ ಬರೋದಿಲ್ಲ!”

“ಹಾಗಾದ್ರೆ ಬಿಡೋದುಂಟೇ! ಮುಂದಿನ ತಿಂಗಳು ವಿಜಯವಾಡದಲ್ಲಿ ನಮ್ಮ ಇಪ್ಪತ್ತನಾಲ್ಕು ಹೆಂಗಸರು ಕುಣೀತಾರೆ. ಕಲಿಸೋಕೆ ಗೌರಿಯವರು ಬರಲಿ. ಇಪ್ಪತ್ತನಾಲ್ಕು ಪ್ಯಾಂಟೂ ನಿಮ್ಮ ಜವಾಬ್ದಾರಿ!”

ಚಪ್ಪಾಳೆಯ ಮಧ್ಯೆ ಇಂದುಧರ ಹೆಂಡತಿಯ ಕಿವಿಯಲ್ಲಿ ಉಸುರಿದ. “ಗೌರೀ, ಇಬ್ಬರೂ ಹೋದ್ರೆ ಮನೆಕೆಲಸದ ಗತಿ?”

“ಇಬ್ಬರೂ ಒಟ್ಟಿಗೆ ಯಾಕೆ ಹೋಗ್ಬೇಕು?” ಎಂದಳು ಗೌರಿ, ಸಭೆಗೆ ಕೈಮುಗಿಯುತ್ತಲೇ. “ನಾನು ಬೆಳಗಿನ ರೈಲಿಗೆ ಹೋಗ್ತೀನಿ. ನೀವು ಕೆಲಸ ಎಲ್ಲಾ ಮುಗಿಸಿಕೊಂಡು ಸಂಜೆ ರೈಲಿಗೆ ಬನ್ನಿ.”