ಊಟದ ಮೇಜಿನಿಂದ ಹಾರಿದ ನಮ್ಮ ಹೆಲಿಕಾಪ್ಟರ್

ಯುದ್ಧ ಹೆಲಿಕಾಪ್ಟರ್‌ಗಳ ವಿಷಯದಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ. ಕಾಲೇಜಿನ ಮೆಟ್ಟಿಲು ಹತ್ತದೆ, ಹಳೇ ಪತ್ರಿಕೆಗಳನ್ನು ಓದಿ ಓದಿಯೇ ಸರಕಾರಗಳನ್ನು ನಡುಗಿಸುವ ಅಂಕಣಕಾರನಾದವನು ನಾನು. ಸರಕಾರ ನಡುಗಿದ್ದನ್ನು ಕಣ್ಣಾರೆ ಕಂಡಿಲ್ಲ, ನಿಜ. ಸಂಪಾದಕರು ನಡುಗಿದ್ದನ್ನು ಕಂಡಿದ್ದೇನೆ.

ಹೀಗಿರುವಾಗ ಆರನೇ ಕ್ಲಾಸಿನ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ‘ನಮ್ಮ ಹೆಲಿಕಾಪ್ಟರ್, ನೆರೆಯವರ ಹೆಲಿಕಾಪ್ಟರ್’ ಎಂಬ ವಿಷಯ ಆರಿಸಿಕೊಂಡರೆ ಸುಮ್ಮನಿರಲಾದೀತೇ? ಹೋದ ವರ್ಷ ಅವಳು ಕಟ್ಟಿದ ಸೇತುವೆ ಎಲ್ಲರೆದುರೇ ಕುಸಿದು, ಇಡೀ ಕ್ಲಾಸು ನಕ್ಕಿತ್ತು. ಈ ಸಲ ತಲೆಯೆತ್ತಿ ನಿಲ್ಲಬೇಕೆಂಬುದು ಅವಳ ಹಟ. ನಿಲ್ಲಿಸುವವನು ನಾನು ಎಂದು ಘೋಷಿಸಿಬಿಟ್ಟೆ.

ಅವಳಿಗೆ ಪಾಠವನ್ನೂ ಮಾಡಿದೆ. ನೆರೆದೇಶದವರದು ದೂರದಿಂದ ಕೊಂಡು ತಂದದ್ದು: ಭಾರ, ದಪ್ಪ ಕವಚ, ರೆಕ್ಕೆಯಡಿ ರಾಕೆಟ್‌ಗಳ ಗೊಂಚಲು. ನಮ್ಮದು ನಾವೇ ಕಟ್ಟಿದ್ದು: ಹಗುರ, ಚುರುಕು, ಗಾಳಿಯೇ ತೆಳುವಾಗುವ ಶಿಖರಗಳ ಮೇಲೂ ಹಾರುವಂಥದ್ದು. ಹೇಳುತ್ತಾ ಹೇಳುತ್ತಾ ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಯೊಂದು ಕೆಲಸಕ್ಕೆ ರಾಜೀನಾಮೆ ಕೊಟ್ಟಿತು.

ಕೆಲಸ ಹಂಚಿಕೊಂಡೆವು. ನಮ್ಮದನ್ನು ನಾನು, ಅವರದನ್ನು ಮಗಳು ಮಾಡುವುದು. ಶತ್ರುವಿನ ಯಂತ್ರವನ್ನು ಈ ಕೈ ಮುಟ್ಟುವುದುಂಟೆ? ಅವಳೋ ಹಳೇ ಆಟದ ಕಾರಿನ ಪುಟ್ಟ ಮೋಟಾರುಗಳನ್ನು ಬಿಚ್ಚಿ, ಒಂದನ್ನು ನೆತ್ತಿಗೆ, ಇನ್ನೊಂದನ್ನು ಬಾಲಕ್ಕೆ ಕೂರಿಸುತ್ತಾ, ಫೋಟೋ ನೋಡಿ ಒಂದೊಂದು ರಾಕೆಟ್ಟಿಗೂ ಬಣ್ಣ ಬಳಿಯುತ್ತಾ ಕೂತಳು. ನನಗೆ ಉರಿಯಿತು.

“ಅವರದನ್ನ ಯಾಕಮ್ಮ ಇಷ್ಟು ಚೆನ್ನಾಗಿ ಮಾಡ್ತಿದೀಯ?”

“ಅವರೂ ಕೆಟ್ಟದಾಗಿ ಮಾಡ್ಕೊಳಲ್ಲ ಅಲ್ವಾ ಅಪ್ಪಾ?”

ಟೆಂಡರ್ ಗೋಲ್‌ಮಾಲುಗಳ ಬಗ್ಗೆ ವಾರವಾರ ಬೆಂಕಿ ಉಗುಳುವ ನಾನು ಆಗ ಮಾಡಿದ್ದನ್ನು ಕೇಳಿ, ನಗಬೇಡಿ. ಮಗಳು ಅತ್ತ ಹೋದೊಡನೆ ಬ್ಯಾಟರಿ ಡ್ರಿಲ್ಲನ್ನು ತಂದು ನಮ್ಮ ಹೆಲಿಕಾಪ್ಟರಿನ ರಟ್ಟಿನ ಹೊಟ್ಟೆಯೊಳಗೆ ಅಡಗಿಸಿದೆ! ಗೋಡೆ ಕೊರೆಯುವ ಮೋಟಾರಿಗೆ ಗಾಳಿ ಯಾವ ಲೆಕ್ಕ? ಅದರ ಮೂತಿಗೆ ಪ್ಲಾಸ್ಟಿಕ್ ರೆಕ್ಕೆಗಳನ್ನು ಬಿಗಿದೆ. ಬಾಲಕ್ಕೆ ಮೋಟಾರು ಬೇಡವೆಂದು ತೀರ್ಮಾನಿಸಿ, ಅಂದಕ್ಕಿರಲಿ ಎಂದು ರಟ್ಟಿನ ಗಿರಿಗಿಟ್ಲೆಯೊಂದನ್ನು ಅಂಟಿಸಿದೆ.

ಪ್ರದರ್ಶನದ ಮುನ್ನಾ ದಿನ ಸಂಜೆ ಊಟದ ಮೇಜಿನ ಗಾಜಿನ ಮೇಲೆ ಎರಡೂ ಸೇನೆಗಳು ಎದುರುಬದುರಾದವು. ಹೆಂಡತಿಯನ್ನು ಮುಖ್ಯ ಅತಿಥಿಯಾಗಿ ಕೂರಿಸಿದೆ. ಮಗಳು ಗುಂಡಿ ಒತ್ತಿದಳು. ನೆರೆಯವರ ಹೆಲಿಕಾಪ್ಟರ್ ಜೇನ್ನೊಣದಂತೆ ಗುಂಯ್‌ಗುಡುತ್ತಾ, ಕೂತಲ್ಲೇ ರೆಕ್ಕೆ ತಿರುಗಿಸಿತು. ನಾನು ಒಮ್ಮೆ ಕೆಮ್ಮಿ, ಒತ್ತಿದ ಗುಂಡಿ ಮೇಲೇಳದಂತೆ ಟೇಪು ಸುತ್ತಿ, ನಮ್ಮದನ್ನು ಚಾಲೂ ಮಾಡಿದೆ.

ರೆಕ್ಕೆ ಬಲಕ್ಕೆ ತಿರುಗಿತು. ಹೆಲಿಕಾಪ್ಟರ್ ಎಡಕ್ಕೆ ತಿರುಗಿತು! ತಿರುಗುತ್ತಾ ತಿರುಗುತ್ತಾ ನೀರಿನ ಜಗ್ಗನ್ನು ಕೆಡವಿ, ಮೇಲಕ್ಕೆ ಹಾರಿ ಗೋಡೆ ಗಡಿಯಾರಕ್ಕೆ ಗುದ್ದಿ, ನೆಲಕ್ಕೆ ಬಿದ್ದು, ಸಾಯುವ ಬದಲು ಇನ್ನೂ ರೊಚ್ಚಿಗೆದ್ದಿತು. ಕಿಟಕಿಯ ಪರದೆ ಹರಿಯಿತು. ಚಪ್ಪಲಿ ಸ್ಟ್ಯಾಂಡು ಚೆಲ್ಲಾಪಿಲ್ಲಿಯಾಯಿತು. ಶತ್ರುವನ್ನು ಮಾತ್ರ ಅದು ಮುಟ್ಟಲಿಲ್ಲ. ಸ್ವದೇಶಿ ಯಂತ್ರಕ್ಕೆ ಸ್ವದೇಶವೇ ಗುರಿ! ನಾನು ಮೇಜಿನಡಿ ನುಗ್ಗಿ, ಪ್ಲಗ್ ಕೀಳುವಂತೆ ಕೂಗಿಕೊಂಡೆ.

“ಯಾವ ಪ್ಲಗ್ಗು ರೀ? ಅದು ಬ್ಯಾಟರೀದು” ಎಂದಳು ಹೆಂಡತಿ, ತರಕಾರಿ ದರ ಹೇಳುವಷ್ಟು ತಣ್ಣಗೆ. ಕೋಣೆಯಿಂದ ಹೊದಿಕೆ ತಂದು ಅದರ ಮೇಲೆ ಎಸೆದಳು. ಕದನ ವಿರಾಮವಾಯಿತು. ಮೇಜಿನ ಮೇಲೆ ನೆರೆಯವರದು ಇನ್ನೂ ಗುಂಯ್‌ಗುಡುತ್ತಿತ್ತು.

ಮಗಳು ರಟ್ಟಿನ ಚೂರುಗಳನ್ನು ನೋಡುತ್ತಾ ನಿಂತಳು. ಹೋದ ವರ್ಷದ ಸೇತುವೆ ಅವಳ ಕಣ್ಣಲ್ಲಿ ಮತ್ತೆ ಕುಸಿಯುತ್ತಿದ್ದುದು ನನಗೆ ಕಂಡಿತು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: ಉಳಿದಿರುವ ಹೆಲಿಕಾಪ್ಟರಿಗೇ ನಮ್ಮ ಬಣ್ಣ ಬಳಿದುಬಿಡೋಣ, ಯಾರಿಗೆ ಗೊತ್ತಾಗುತ್ತೆ?

“ನಂಗೆ ಗೊತ್ತಾಗುತ್ತೆ” ಎಂದಳು ಮಗಳು.

ಇಷ್ಟು ವರ್ಷ ನಾನು ಬರೆದ ಅಂಕಣಗಳನ್ನೆಲ್ಲ ಒಟ್ಟು ಸೇರಿಸಿದರೂ ಆ ಎರಡು ಪದಗಳ ತೂಕಕ್ಕೆ ಬರಲಾರವು. ನೆರೆಯವನ ಯಂತ್ರವನ್ನು ಹೀಗಳೆದು, ನಮ್ಮದರ ಬಿರುಕಿಗೆ ಬಣ್ಣ ಬಳಿಯುವುದನ್ನೇ ದೇಶಭಕ್ತಿ ಎನ್ನುವವರನ್ನು ಬೈದೇ ಅನ್ನ ತಿನ್ನುವವನು ನಾನು. ಆ ಗಳಿಗೆಯಲ್ಲಿ ನನ್ನನ್ನು ಬೈಯಲು ಬೇರೊಬ್ಬ ಅಂಕಣಕಾರನೇ ಬೇಕಾಗಿತ್ತು.

ಮರುದಿನ ಅವಳು ಎರಡನ್ನೂ ಒಯ್ದಳು. ಓಡುವ ಅವರದು, ಪಕ್ಕದಲ್ಲಿ ಮುರಿದ ನಮ್ಮದು. ನಡುವೆ ಒಂದು ಫಲಕ: ‘ಒಂದು ನಿಂತಿತು, ಒಂದು ಸುತ್ತಿತು. ಯಾಕೆ?’ ಮಕ್ಕಳು ಮುತ್ತಿಕೊಂಡರು. ಯಾರೂ ನಗಲಿಲ್ಲ. ಅವಳ ತಲೆ ಎತ್ತಿದಂತೆಯೇ ಇತ್ತು. ತೀರ್ಪುಗಾರರಾದ ವಿಜ್ಞಾನದ ಮೇಡಂ ಅವಳಿಗೆ ಮೊದಲ ಬಹುಮಾನ ಸಾರಿದಾಗ, ನೆರೆದೇಶದ ಹೆಲಿಕಾಪ್ಟರಿಗೆ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದ ದೇಶಭಕ್ತ ಬಹುಶಃ ನಾನೊಬ್ಬನೇ. ಹೆಮ್ಮೆ ಎಂದರೆ ಅದು!

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಾಲದ ರೆಕ್ಕೆಯ ಕೆಲಸವೇನು, ಎಲ್ಲರಿಗೂ ಅರ್ಥವಾಗುವ ಹಾಗೆ ಮೈಕಿನಲ್ಲಿ ಹೇಳಮ್ಮ ಎಂದರು ಮೇಡಂ.

“ಮೇಲಿನ ರೆಕ್ಕೆ ಜೋರು ಮಾಡಿದಷ್ಟೂ ಹೆಲಿಕಾಪ್ಟರ್ ತಾನೇ ಗಿರಗಿರ ಸುತ್ತಕ್ಕೆ ನೋಡುತ್ತೆ ಮೇಡಂ. ಹಿಂದೆ ಇರೋ ಪುಟ್ಟ ರೆಕ್ಕೆ ಅದನ್ನ ತಡೆದು ನೆಟ್ಟಗೆ ನಿಲ್ಸುತ್ತೆ” ಎಂದಳು ಮಗಳು. ಆಮೇಲೆ ಸಭೆಯಲ್ಲಿ ನಮ್ಮಿಬ್ಬರನ್ನೂ ಹುಡುಕಿ ನೋಡಿ, “ನಮ್ಮನೇಲಿ ಆ ಕೆಲಸ ಅಮ್ಮ ಮಾಡ್ತಾಳೆ” ಎಂದು ಸೇರಿಸಿದಳು.